ನಾಲ್ಕು ಅಂಗುಲದ ಸಮುದ್ರ

ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರು ಅಲ್ಲಿನ ಚಿತ್ರಗಳನ್ನು ನೋಡಿ ಹಿಂದಿರುಗುವುದು ವಾಡಿಕೆ. ಅದೇ ಅರಮನೆಯ ಒಂದು ಭಾಗದಲ್ಲಿ ೧೯೩೩ರಿಂದ ೧೯೫೦ರವರೆಗೆ ಯೋಗಶಾಲೆಯೊಂದು ನಡೆದಿತ್ತೆಂಬುದನ್ನು ನೆನೆಯುವವರು ಕಡಿಮೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಅದನ್ನು ನಡೆಸಿದವರು ಚಿತ್ರದುರ್ಗದ ಸೀಮೆಯಲ್ಲಿ ಹುಟ್ಟಿ, ಕಾಶಿಯವರೆಗೂ ಹೋಗಿ ಶಾಸ್ತ್ರಗಳನ್ನೋದಿ ಬಂದಿದ್ದ ತಿರುಮಲೆ ಕೃಷ್ಣಮಾಚಾರ್ಯರು. ಆಚಾರ್ಯರ ವಿದ್ವತ್ತು ದೊಡ್ಡದು. ಕೋಪವೂ ಅದಕ್ಕೆ ಕಡಿಮೆಯದಾಗಿರಲಿಲ್ಲವೆಂದು ಅವರ ಶಿಷ್ಯರೇ ಹೇಳಿದ್ದುಂಟು. ಅರಮನೆಗೆ ಅತಿಥಿಗಳು ಬಂದಾಗ ಶಾಲೆಯ ಹುಡುಗರು ಅವರ ಮುಂದೆ ಆಸನಗಳನ್ನು ಮಾಡಿ ತೋರಿಸಬೇಕಾಗಿದ್ದಿತು.

ಅಂಥ ಒಂದು ದಿನ, ೧೯೩೫ರ ಸುಮಾರಿನಲ್ಲಿ, ಗಣ್ಯರೊಬ್ಬರ ಎದುರಿಗೆ ಹನುಮಾನಾಸನವನ್ನು ತೋರಿಸಬೇಕೆಂದು ಆಚಾರ್ಯರ ಅಪ್ಪಣೆಯಾಯಿತು. ಒಂದು ಕಾಲನ್ನು ನೆಟ್ಟಗೆ ಮುಂದಕ್ಕೂ ಇನ್ನೊಂದನ್ನು ನೆಟ್ಟಗೆ ಹಿಂದಕ್ಕೂ ಚಾಚಿ, ಎರಡೂ ಕಾಲುಗಳು ನೆಲಕ್ಕೆ ಅಂಟಿಕೊಂಡಿರುವಂತೆ ಕುಳಿತು, ಬೆನ್ನನ್ನು ಕಂಬದಂತೆ ನಿಲ್ಲಿಸಬೇಕಾದ ಆಸನವದು. ಹಿರಿಯ ಶಿಷ್ಯರು ನೆಪ ಹೇಳಿ ಹಿಂದೆ ಸರಿದರು. ಆಗ ಆಚಾರ್ಯರ ದೃಷ್ಟಿ ಹೊರಳಿದ್ದು ತಮ್ಮ ಮನೆಯಲ್ಲೇ ಇದ್ದ ಹುಡುಗನ ಕಡೆಗೆ. ಅವನು ಅವರ ಹೆಂಡತಿಯ ತಮ್ಮ. ಹುಡುಗ ಹತ್ತಿರ ಬಂದು, ಆ ಆಸನ ತನಗೆ ಬಾರದೆಂದು ಮೆಲ್ಲನೆ ಅರಿಕೆ ಮಾಡಿಕೊಂಡ. ಹೇಗೆ ಮಾಡಬೇಕೆಂಬುದನ್ನು ಭಾವನವರು ಅಲ್ಲಿಯೇ ಎರಡು ಮಾತಿನಲ್ಲಿ ವಿವರಿಸಿದರು. ಹುಡುಗನಿಗೆ ಇನ್ನೊಂದು ನೆಪ ಹೊಳೆಯಿತು: ತಾನು ತೊಟ್ಟ ಚಡ್ಡಿ ಬಹಳ ಬಿಗಿ, ಕಾಲು ಅಷ್ಟು ಅಗಲಿಸಲು ಬಾರದು. ಆ ಕಾಲದ ದರ್ಜಿಗಳು ಹೊಲಿದುಕೊಡುತ್ತಿದ್ದ ‘ಹನುಮಾನ್ ಚಡ್ಡಿ’ ಉಗುರು ಕೂಡ ತೂರದಷ್ಟು ಬಿಗಿಯಾಗಿರುತ್ತಿದ್ದುದು ನಿಜವೇ. ಆಚಾರ್ಯರು ಕತ್ತರಿ ತರಿಸಿದರು. ಚಡ್ಡಿಯ ಎರಡು ಪಕ್ಕಗಳನ್ನೂ ಕತ್ತರಿಸಿದ್ದಾಯಿತು. ಇನ್ನು ಹೇಳಲು ಹುಡುಗನ ಬಳಿ ಏನೂ ಉಳಿಯಲಿಲ್ಲ.

ಅವನು ಆಸನ ಮಾಡಿದ. ಅತಿಥಿಗಳು ನೋಡಿದರು. ತೊಡೆಯ ಹಿಂಬದಿಯ ಸ್ನಾಯು ಹರಿದದ್ದು ಮಾತ್ರ ನೋಡಿದವರ ಕಣ್ಣಿಗೆ ಬೀಳಲಿಲ್ಲ.

ಆ ಹುಡುಗನ ಹೆಸರು ಸುಂದರರಾಜ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ೧೯೧೮ರ ಡಿಸೆಂಬರ್ ೧೪ರಂದು, ಊರಿಗೆ ಊರೇ ಇನ್‌ಫ್ಲುಯೆಂಜಾದಿಂದ ನರಳುತ್ತಿದ್ದ ದಿನಗಳಲ್ಲಿ, ಜ್ವರದಿಂದ ಮಲಗಿದ್ದ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನು. ಹದಿಮೂರು ಮಕ್ಕಳಲ್ಲಿ ಹನ್ನೊಂದನೆಯವನು. ಒಂಬತ್ತು ವರ್ಷದವನಿರುವಾಗ ಉಪಾಧ್ಯಾಯರಾಗಿದ್ದ ತಂದೆ ತೀರಿಕೊಂಡರು. ಮಲೇರಿಯ, ವಿಷಮಶೀತಜ್ವರ, ಕ್ಷಯ ಒಂದಾದ ಮೇಲೊಂದು ಬಂದು ಹೋದವು. ಕಡ್ಡಿಯಂಥ ಕೈಕಾಲು, ಅದರ ಮೇಲೆ ನಿಲ್ಲದೆ ತೂಗುವ ತಲೆ. ೧೯೩೪ರಲ್ಲಿ ಅಕ್ಕನ ಮನೆಗೆಂದು ಮೈಸೂರಿಗೆ ಬಂದು ಅಲ್ಲಿಯೇ ಉಳಿದ ಈ ಹುಡುಗನನ್ನು ಮುಂದೆ ಜಗತ್ತು ಬಿ. ಕೆ. ಎಸ್. ಅಯ್ಯಂಗಾರ್ ಎಂದು ಕರೆಯಿತು. ಹನುಮಾನಾಸನದ ಈ ಪ್ರಸಂಗವನ್ನು ಅವರು ಮುಪ್ಪಿನವರೆಗೂ ಹೇಳಿಕೊಳ್ಳುತ್ತಿದ್ದರು.

ಕೇಳಿದವರು ಸಾಮಾನ್ಯವಾಗಿ ಇದನ್ನು ಎರಡು ಬಗೆಯಾಗಿ ಅರ್ಥ ಮಾಡಿಕೊಳ್ಳುತ್ತಾರೆ. ಗುರುವಿನ ಮಾತೊಂದಿದ್ದರೆ ಆಗದ್ದು ಯಾವುದೂ ಇಲ್ಲವೆಂದು ಕೆಲವರಿಗೆ ಇದು ಪವಾಡದ ಕಥೆ. ಎಳೆಯ ಹುಡುಗನ ಮೇಲೆ ನಡೆದ ಬಲಾತ್ಕಾರವೆಂದು ಮತ್ತೆ ಕೆಲವರಿಗೆ ಸಿಟ್ಟು. ಎರಡನೆಯವರ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ಎರಡು ಬಣದವರೂ ಆ ಒಂದು ನಿಮಿಷದ ಮೇಲೆಯೇ ಕಣ್ಣಿಟ್ಟಿರುತ್ತಾರೆ. ನೋಡತಕ್ಕದ್ದು ಅದರ ಅನಂತರದ ಕಾಲವನ್ನು. ಒಂದು ನಿಮಿಷದಲ್ಲಿ ಹರಿದ ಕಾಲು ಮತ್ತೆ ನೆಟ್ಟಗಾಗಲು ವರ್ಷಗಳೇ ಬೇಕಾದವು.

ಹಾರಿದವನು ಕಾದದ್ದು

ಆಸನಕ್ಕೆ ಹನುಮಂತನ ಹೆಸರು ಬಂದದ್ದು ಸಮುದ್ರಲಂಘನದಿಂದ. ಒಂದು ಕಾಲು ಮಹೇಂದ್ರಪರ್ವತದ ಕಡೆಗೆ, ಇನ್ನೊಂದು ಲಂಕೆಯ ಕಡೆಗೆ. ನಡುವೆ ನೂರು ಯೋಜನ ನೀರು. ಹಾರುವ ಆ ಭಂಗಿಯನ್ನೇ ನೆಲಕ್ಕಿಳಿಸಿದರೆ ಹನುಮಾನಾಸನವಾಗುತ್ತದೆ. ಹೆಸರು ಕೇಳಿದೊಡನೆ ಹೊಸಬರಿಗೆ ಉತ್ಸಾಹ ಬರುವುದು ಸಹಜ. ಹಾರಿಬಿಟ್ಟರೆ ಆಯಿತು ಎನ್ನಿಸುತ್ತದೆ.

ವಾಲ್ಮೀಕಿಯ ಕಥೆಯನ್ನು ಬಿಡಿಸಿ ನೋಡಿದರೆ ಸಂಗತಿ ಬೇರೆ. ಕಡಲ ತಡಿಯಲ್ಲಿ ಕುಳಿತ ಕಪಿವೀರರು ಒಬ್ಬೊಬ್ಬರಾಗಿ ತಮ್ಮ ಶಕ್ತಿಯನ್ನು ಲೆಕ್ಕಹಾಕುತ್ತಾರೆ: ಒಬ್ಬನಿಗೆ ಹತ್ತು ಯೋಜನ, ಇನ್ನೊಬ್ಬನಿಗೆ ಇಪ್ಪತ್ತು, ಮತ್ತೊಬ್ಬನಿಗೆ ಮೂವತ್ತು. ಅಂಗದನು ನೂರು ಯೋಜನ ಹಾರಬಲ್ಲ. ಆದರೆ ಹಿಂದಿರುಗಿ ಬರುವ ಬಗ್ಗೆ ಅವನಿಗೆ ನಂಬಿಕೆಯಿಲ್ಲ. ಹೋಗುವ ಶಕ್ತಿ ಬೇರೆ, ಹೋಗಿ ಬರುವ ಶಕ್ತಿ ಬೇರೆ ಎಂಬ ಈ ವಿವೇಕವನ್ನು ಆ ತರುಣ ಯುವರಾಜನ ಬಾಯಲ್ಲಿ ಆಡಿಸಿದ ಕವಿಯನ್ನು ಎಷ್ಟು ಮೆಚ್ಚಿದರೂ ಸಾಲದು. ಜಗನ್ಮೋಹನ ಅರಮನೆಯ ಹುಡುಗ ಹೋದದ್ದೇನೋ ಹೋದ. ಬರಬೇಕಾದ ದಾರಿ ಉದ್ದವಾಯಿತು.

ಇನ್ನು ಹನುಮಂತ. ಹಾರಾಟ ಮುಗಿಯುವುದು ಹಗಲಿನಲ್ಲಿ; ಆದರೆ ಅವನ ಕೆಲಸ ಅಲ್ಲಿಂದ ಆರಂಭ. ಮೈಯನ್ನು ಕಿರಿದು ಮಾಡಿಕೊಂಡು ಇರುಳಿಗಾಗಿ ಕಾಯುತ್ತಾನೆ. ಇರುಳೆಲ್ಲ ಲಂಕೆಯನ್ನು ಅರಸುತ್ತಾನೆ. ಸೀತೆ ಕಾಣದೆ ಹತಾಶನಾಗುತ್ತಾನೆ. ಕೊನೆಗೆ ಅಶೋಕವನದಲ್ಲಿ ಶಿಂಶಪಾವೃಕ್ಷದ ಎಲೆಗಳ ಮರೆಯಲ್ಲಿ ಕುಳಿತು, ಕಣ್ಣೆದುರಿಗೇ ರಾವಣನು ಬಂದು ಗರ್ಜಿಸಿ ಹೋದರೂ ಕೆಳಗಿಳಿಯದೆ ತಡೆದುಕೊಳ್ಳುತ್ತಾನೆ. ಸೀತೆ ಒಂಟಿಯಾದ ಮೇಲೂ, ಯಾವ ಭಾಷೆಯಲ್ಲಿ ಮಾತು ತೆಗೆದರೆ ಆಕೆ ಬೆದರಳೆಂದು ಆಲೋಚಿಸುತ್ತ ಕುಳಿತಿರುತ್ತಾನೆ. ಸಮುದ್ರವನ್ನು ಹಾರಿದವನು ಮರದ ಕೊಂಬೆಯ ಮೇಲೆ ಅಲುಗದೆ ಕುಳಿತ ಆ ಹೊತ್ತು ಚಿತ್ರಕಾರರ ಕುಂಚಕ್ಕೆ ಅಷ್ಟಾಗಿ ಸಿಕ್ಕಿಲ್ಲ. ಕ್ಯಾಲೆಂಡರುಗಳಲ್ಲಿ ಅವನು ಎಂದೆಂದಿಗೂ ಹಾರುತ್ತಲೇ ಇದ್ದಾನೆ.

ಕನ್ನಡದಲ್ಲಿ ‘ತಾಳು’ ಎಂಬ ಮಾತಿಗೆ ಕಾಯುವುದೆಂಬ ಅರ್ಥವೂ ಉಂಟು, ಸಹಿಸುವುದೆಂಬ ಅರ್ಥವೂ ಉಂಟು. ಎರಡನ್ನೂ ಒಂದೇ ಧಾತುವಿನಲ್ಲಿ ಇರಿಸಿದ ಹಿರಿಯರಿಗೆ ಮನುಷ್ಯನ ಮೈಯ ಪರಿಚಯ ಚೆನ್ನಾಗಿದ್ದಿರಬೇಕು. ಏಕೆಂದರೆ ಹನುಮಾನಾಸನದಲ್ಲಿ ತೊಡೆ ಕಲಿಯುವುದು ಸರಿಯಾಗಿ ಈ ಎರಡನ್ನೇ.

ತೊಡೆಯ ಹಿಂಬದಿಯಲ್ಲಿ ಮೂರು ಉದ್ದನೆಯ ಸ್ನಾಯುಗಳಿವೆ. ಕುಳಿತಾಗ ನೆಲಕ್ಕೆ ಒತ್ತುವ ಮೂಳೆಯಿಂದ ಹೊರಟು ಮಂಡಿಯನ್ನು ದಾಟಿ ಕೆಳಗೆ ಕಾಲಿನ ಮೂಳೆಗೆ ಅವು ಸೇರುತ್ತವೆ. ಮುಂದೆ ಚಾಚಿದ ಕಾಲನ್ನು ತಡೆಯುವವು ಇವು. ಹಿಂದೆ ಚಾಚಿದ ಕಾಲನ್ನು ತಡೆಯುವವು ಸೊಂಟದ ಮುಂಬದಿಯ ಸ್ನಾಯುಗಳು. ದಿನವೆಲ್ಲ ಕುರ್ಚಿಯಲ್ಲಿ ಕುಳಿತು ಕೆಲಸಮಾಡುವವರಲ್ಲಿ ಇವು ಸಾಲದ್ದಕ್ಕೆ ಇನ್ನಷ್ಟು ಬಿಗಿದಿರುತ್ತವೆ. ಸ್ನಾಯುವಿನ ಒಳಗೆ, ಅದು ಎಷ್ಟು ಬೇಗ ಎಷ್ಟು ದೂರ ಎಳೆಯಲ್ಪಡುತ್ತಿದೆ ಎಂಬುದನ್ನು ಬೆನ್ನುಹುರಿಗೆ ತಿಳಿಸುವ ಸೂಕ್ಷ್ಮ ಕಾವಲುಗಾರರಿದ್ದಾರೆ. ವೈದ್ಯರು ಮಂಡಿಯ ಕೆಳಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದಾಗ ಕಾಲು ತಾನಾಗಿ ಚಿಮ್ಮುವುದನ್ನು ಎಲ್ಲರೂ ಬಲ್ಲರು. ಅದು ಈ ಕಾವಲುಗಾರರ ಕೆಲಸವೇ. ಸ್ನಾಯುವನ್ನು ಥಟ್ಟನೆ ಎಳೆದರೆ, ಬೆನ್ನುಹುರಿ ಮಿದುಳನ್ನು ಕೇಳಲು ಕೂಡ ನಿಲ್ಲದೆ, ಬಿಗಿಹಿಡಿ ಎಂದು ಅಪ್ಪಣೆ ಕೊಡುತ್ತದೆ. ಎಳೆಯುವವನು ಇನ್ನೂ ಎಳೆದರೆ ಒಂದೇ ಸ್ನಾಯು ಏಕಕಾಲಕ್ಕೆ ಹಿಗ್ಗಲೂ ಬೇಕು, ಕುಗ್ಗಲೂ ಬೇಕು. ಹರಿಯುವುದು ಆಗ.

ಮೆಲ್ಲಗೆ ಎಳೆದು, ಉಸಿರನ್ನು ನಿಧಾನವಾಗಿ ಬಿಡುತ್ತ ಅಲ್ಲಿಯೇ ನಿಂತರೆ, ಆ ಪ್ರತಿಭಟನೆ ಕ್ರಮೇಣ ತಗ್ಗುತ್ತದೆ. ಇತ್ತೀಚಿನ ಸಂಶೋಧಕರು ಇನ್ನೊಂದು ಸ್ವಾರಸ್ಯವಾದ ಸಂಗತಿಯನ್ನು ಮುಂದಿಟ್ಟಿದ್ದಾರೆ. ಕೆಲವು ವಾರಗಳ ಅಭ್ಯಾಸದಿಂದ ಕಾಲು ಮೊದಲಿಗಿಂತ ಹೆಚ್ಚು ಚಾಚುವಂತಾದರೆ, ಸ್ನಾಯು ಉದ್ದವಾಯಿತೆಂದು ಜನ ತಿಳಿಯುತ್ತಾರೆ. ಬಹುಮಟ್ಟಿಗೆ ಹಾಗಲ್ಲ, ಸ್ನಾಯು ಇದ್ದಷ್ಟೇ ಇದೆ, ನರಮಂಡಲ ಆ ಎಳೆತವನ್ನು ಅಪಾಯವೆಂದು ಎಣಿಸುವುದನ್ನು ಬಿಟ್ಟಿದೆ ಅಷ್ಟೆ. ಮೊದಲು ಭಯದಿಂದ ಕೂಗಿಕೊಳ್ಳುತ್ತಿದ್ದುದು ಈಗ ಸಹಿಸಲು ಒಪ್ಪಿಕೊಂಡಿದೆ. ಬಲವಂತದಿಂದ ಈ ಒಪ್ಪಿಗೆಯನ್ನು ಪಡೆಯಲು ಬರುವುದಿಲ್ಲ. ದಿನದಿನವೂ ಹೋಗಿ ಕೇಳಬೇಕು.

ಕಂಬಳಿಯ ಮಡಿಕೆಗಳು

ಬೆಂಗಳೂರಿನ ಯಾವುದಾದರೂ ಬಡಾವಣೆಯ ಒಂದು ನಡುಮನೆಯನ್ನು ಓದುಗರು ಊಹಿಸಿಕೊಳ್ಳಬಹುದು. ಬೆಳಗಿನ ಐದೂವರೆ. ಹಾಲಿನವನು ಇನ್ನೂ ಬಂದಿಲ್ಲ. ನಲವತ್ತು ದಾಟಿದ ಗೃಹಿಣಿ ಚಾಪೆ ಹಾಸಿ, ಎರಡು ಇಟ್ಟಿಗೆಗಳನ್ನು ಅಕ್ಕಪಕ್ಕ ಇರಿಸಿಕೊಂಡು, ಒಂದು ಕಂಬಳಿಯನ್ನು ಮಡಿಸಿ ನಡುವೆ ಇಟ್ಟಿದ್ದಾರೆ. ಮೊದಲು ನಿಂತು ಬಾಗುವ ಉತ್ತಾನಾಸನ. ಬಳಿಕ ಅಂಗಾತ ಮಲಗಿ, ಹಳೆಯ ಸೀರೆಯ ಅಂಚಿನ ಪಟ್ಟಿಯನ್ನು ಪಾದಕ್ಕೆ ಸುತ್ತಿ ಕಾಲನ್ನು ಮೇಲಕ್ಕೆತ್ತುವ ಸುಪ್ತ ಪಾದಾಂಗುಷ್ಠಾಸನ. ಅನಂತರ ಒಂದು ಮಂಡಿಯನ್ನು ಊರಿ ಇನ್ನೊಂದು ಕಾಲನ್ನು ಮುಂದಿಡುವುದು. ಮೈ ಕಾವೇರಿದ ಮೇಲೆ ಮುಂದಿನ ಹಿಮ್ಮಡಿ ಅಂಗುಲ ಅಂಗುಲವಾಗಿ ಜಾರತೊಡಗುತ್ತದೆ. ಭಾರವೆಲ್ಲ ಇಟ್ಟಿಗೆಯ ಮೇಲಿರುವ ಕೈಗಳ ಮೇಲೆ. ಎಲ್ಲಿಯೋ ಒಂದು ಕಡೆ ಕಾಲು ಸಾಕೆನ್ನುತ್ತದೆ. ಕಂಬಳಿಯ ಕೆಲಸ ಅಲ್ಲಿ. ತೊಡೆಗೂ ನೆಲಕ್ಕೂ ನಡುವೆ ಉಳಿದ ತೆರಪನ್ನು ಅದು ತುಂಬುತ್ತದೆ. ನಾಲ್ಕು ಅಂಗುಲವೆನ್ನಿ. ಆ ಮನೆಯ ಸಮುದ್ರ ಅಷ್ಟೇ ಅಗಲದ್ದು.

ಈ ನಾಲ್ಕು ಅಂಗುಲ ದಿನಕ್ಕೊಂದು ಬಗೆಯಾಗಿರುತ್ತದೆ. ಸೋಮವಾರ ಮೂರಾಗಿದ್ದುದು ಗುರುವಾರ ಐದಾಗುತ್ತದೆ. ಧನುರ್ಮಾಸದ ಚಳಿಯಲ್ಲಿ ಕಾಲು ಕಟ್ಟಿಗೆಯಂತಿರುತ್ತದೆ. ಹಿಂದಿನ ದಿನ ಬಸ್ಸಿನಲ್ಲಿ ದೂರ ಪ್ರಯಾಣ ಮಾಡಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಬಲಗಾಲಿಗೆ ಬಂದದ್ದು ಎಡಗಾಲಿಗೆ ಬರುವುದಿಲ್ಲ. ಶಾಲೆಯ ಪರೀಕ್ಷೆಯಂತೆ ಏರುತ್ತ ಹೋಗುವ ಅಂಕಗಳಿಗೆ ಒಗ್ಗಿದವರಿಗೆ ಇದು ಬಹಳ ಕಿರಿಕಿರಿ. ಮಾಡಿದ ಅಭ್ಯಾಸವೆಲ್ಲ ವ್ಯರ್ಥವಾಯಿತೆಂದು ಎರಡನೆಯ ತಿಂಗಳಿನಲ್ಲಿ ಚಾಪೆಯನ್ನು ಸುತ್ತಿ ಮೂಲೆಗಿಡುವವರೇ ಹೆಚ್ಚು.

ಬಿಡದವರಿಗೆ ಬೇರೊಂದು ಆಮಿಷ ಕಾದಿರುತ್ತದೆ. ಹಿಂದಿನ ಕಾಲಿನ ಸೊಂಟವನ್ನು ಸ್ವಲ್ಪ ಹೊರಗೆ ತಿರುಗಿಸಿ, ಪಾದವನ್ನು ಪಕ್ಕಕ್ಕೆ ಹೊರಳಿಸಿಬಿಟ್ಟರೆ, ನೆಲ ಒಮ್ಮೆಲೇ ಹತ್ತಿರವಾಗುತ್ತದೆ. ಕೆಲವರಿಗೆ ಅದೇ ದಿನ ಸಿಕ್ಕಿಬಿಡುವುದೂ ಉಂಟು. ನೆಲ ಸಿಕ್ಕಿತು, ಆಸನ ತಪ್ಪಿತು. ಸೊಂಟದ ಎರಡು ಪಕ್ಕಗಳೂ ಗಾಡಿಯ ಎರಡು ದೀಪಗಳಂತೆ ಮುಂದಕ್ಕೆ ನೋಡುತ್ತಿರಬೇಕಾದದ್ದು ಇದರ ಪ್ರಾಣ. ಒಂದು ದೀಪ ಪಕ್ಕದ ಗೋಡೆಯನ್ನು ನೋಡತೊಡಗಿದರೆ, ಹಿಗ್ಗಬೇಕಾದ ಸ್ನಾಯು ಹಿಗ್ಗದೆ ಉಳಿದು, ನಡುವಿನ ಬೆನ್ನು ಆ ತಿರುಚನ್ನೆಲ್ಲ ಹೊರಬೇಕಾಗುತ್ತದೆ. ಪಕ್ಕದಿಂದ ತೆಗೆದ ಭಾವಚಿತ್ರದಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣದು. ಜೇಬಿಗೊಂದು ಕ್ಯಾಮೆರ ಬಂದ ಮೇಲೆ, ಜೂನ್ ೨೧ನ್ನು ಅಂತಾರಾಷ್ಟ್ರೀಯ ಯೋಗದಿನವೆಂದು ೨೦೧೫ರಿಂದ ಆಚರಿಸತೊಡಗಿದ ಮೇಲೆ, ಇಂಥ ಹನುಮಂತರ ಸಂಖ್ಯೆಗೆ ಕೊರತೆಯಿಲ್ಲ. ತಾನು ಮೋಸಮಾಡಿಕೊಂಡದ್ದು ತನಗೆ ಮಾತ್ರ ಗೊತ್ತಿರುವಾಗ, ಸೊಂಟವನ್ನು ಮತ್ತೆ ಮುಂದಕ್ಕೆ ತಿರುಗಿಸಿ, ಕಂಬಳಿಯ ಮೇಲಕ್ಕೆ ಹಿಂದಿರುಗುವುದೇ ಈ ಅಭ್ಯಾಸದಲ್ಲಿ ಎಲ್ಲಕ್ಕಿಂತ ಕಠಿಣವಾದ ಚಲನೆ. ಅದಕ್ಕೆ ಯಾವ ಗ್ರಂಥದಲ್ಲಿಯೂ ಸಂಸ್ಕೃತದ ಹೆಸರಿಲ್ಲ.

ಎಲ್ಲಿ ನಿಲ್ಲಬೇಕೆಂಬುದನ್ನು ತಿಳಿಯಲು ಒಂದು ಗುರುತನ್ನು ಬಲ್ಲವರು ಹೇಳುತ್ತಾರೆ. ಎಳೆತ ತೊಡೆಯ ನಡುಭಾಗದಲ್ಲಿ, ಸ್ನಾಯುವಿನ ತುಂಬಿದ ಹೊಟ್ಟೆಯಲ್ಲಿ ತಿಳಿದರೆ ಭಯವಿಲ್ಲ. ಕುಳಿತುಕೊಳ್ಳುವ ಮೂಳೆಯ ಬಳಿ, ಅಥವಾ ಮಂಡಿಯ ಹಿಂದೆ, ಸೂಜಿ ಚುಚ್ಚಿದಂತಾದರೆ ಅಲ್ಲಿಗೇ ಬಿಡಬೇಕು. ಅಲ್ಲಿರುವುದು ಸ್ನಾಯುವನ್ನು ಮೂಳೆಗೆ ಬಿಗಿಯುವ ರಜ್ಜು. ರಕ್ತದ ಓಡಾಟ ಅಲ್ಲಿ ಕಡಿಮೆ. ಕೆಟ್ಟರೆ ಸರಿಹೋಗಲು ತಿಂಗಳುಗಳು ಹಿಡಿಯುತ್ತವೆ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ತೊಡೆಮೂಳೆಯ ತಲೆ ಸೊಂಟದ ಗುಣಿಯಲ್ಲಿ ಕೂರುವ ರೀತಿ ಎಲ್ಲರಲ್ಲೂ ಒಂದೇ ಅಲ್ಲ. ಎಷ್ಟು ವರ್ಷ ಅಭ್ಯಾಸ ಮಾಡಿದರೂ ಕೆಲವರ ಕಂಬಳಿ ಎರಡು ಮಡಿಕೆಗಿಂತ ಕಡಿಮೆಯಾಗುವುದಿಲ್ಲ. ತಾಳಿದವರಿಗೆಲ್ಲ ನೆಲ ಸಿಗುತ್ತದೆಂದು ಹೇಳುವ ಶಿಕ್ಷಕರು ಸುಳ್ಳು ಹೇಳುತ್ತಾರೆ.

ಪತಂಜಲಿಯು ಇಡೀ ಯೋಗಸೂತ್ರದಲ್ಲಿ ಆಸನಕ್ಕೆಂದು ಮೀಸಲಿಟ್ಟದ್ದು ಮೂರೇ ಸೂತ್ರಗಳನ್ನು. ಅಲ್ಲಿ ನೆಲ ಮುಟ್ಟುವ ಮಾತಿಲ್ಲ. ಆಸನ ಅಲುಗದಿರಬೇಕು, ಹಿತವಾಗಿರಬೇಕು. ಪ್ರಯತ್ನವನ್ನು ಸಡಿಲಿಸುವುದರಿಂದ ಅದು ಕೈಗೂಡುತ್ತದೆ ಎಂಬುದಷ್ಟೇ ಅವನ ಅಭಿಪ್ರಾಯ. ಕಂಬಳಿಯ ಮೇಲೆ ಕುಳಿತ ಗೃಹಿಣಿಗೆ ಇದು ಸಮಾಧಾನದ ಮಾತಲ್ಲವೆ?

ಸುಂದರರಾಜನ ಭಾವನವರಿಗೂ ಈ ಕ್ರಮ ಗೊತ್ತಿಲ್ಲದೆ ಇರಲಿಲ್ಲ. ೧೯೩೪ರಲ್ಲಿ ‘ಯೋಗಮಕರಂದ’ವನ್ನು ಕನ್ನಡದಲ್ಲಿ ಬರೆದ ಕೃಷ್ಣಮಾಚಾರ್ಯರು, ೧೯೪೧ರ ‘ಯೋಗಾಸನಗಳು’ ಪುಸ್ತಕದಲ್ಲಿ ಆಸನಗಳನ್ನು ಸುಲಭ, ಮಧ್ಯಮ, ಕಠಿಣವೆಂಬಂತೆ ಮೂರು ಮೆಟ್ಟಿಲುಗಳಾಗಿ ವಿಂಗಡಿಸಿ ಪಟ್ಟಿ ಕೊಟ್ಟಿದ್ದಾರೆ. ಅವರ ಇನ್ನೊಬ್ಬ ಶಿಷ್ಯರಾದ ಕೆ. ಪಟ್ಟಾಭಿ ಜೋಯಿಸರು ಮೈಸೂರಿನ ಲಕ್ಷ್ಮೀಪುರದಲ್ಲಿ ನಡೆಸಿದ ಶಾಲೆಯಲ್ಲಿ ಈ ಮೆಟ್ಟಿಲುಗಳೇ ಶಾಸನವಾದವು. ಒಂದು ಆಸನ ನಿಲ್ಲುವವರೆಗೆ ಮುಂದಿನದನ್ನು ಕೊಡುವಂತಿಲ್ಲ. ಶನಿವಾರ, ಹುಣ್ಣಿಮೆ, ಅಮಾವಾಸ್ಯೆ ಬಿಟ್ಟು ದಿನವೂ ಅದನ್ನೇ ಮಾಡಬೇಕು. ಸಾವಿರಾರು ಮೈಲಿ ದೂರದಿಂದ ವಿಮಾನವೇರಿ ಬಂದವರು ಮರೀಚ್ಯಾಸನದ ನಾಲ್ಕನೆಯ ಬಗೆಯಲ್ಲಿ ಸಿಕ್ಕಿಬಿದ್ದು, ಅದೇ ಒಂದನ್ನು ಮಾಡಿ, ಅಲ್ಲಿಂದ ಮುಂದಕ್ಕೆ ಹೋಗದೆಯೇ ತಮ್ಮ ದೇಶಕ್ಕೆ ಹಿಂದಿರುಗಿದ್ದುಂಟು. ಮರುವರ್ಷ ಮತ್ತೆ ಬಂದದ್ದೂ ಉಂಟು.

ಮುನ್ನೂರು ವಾರ

ಹರಿದ ಕಾಲಿನ ಹುಡುಗನ ಕಥೆ ಅರ್ಧಕ್ಕೆ ನಿಂತಿತು. ಮುಂದೆ ಆಚಾರ್ಯರು ಶಿಷ್ಯರೊಡನೆ ಉತ್ತರ ಕರ್ನಾಟಕದಲ್ಲಿ ಸಂಚಾರ ಮಾಡಿದಾಗ, ಧಾರವಾಡದ ಸ್ತ್ರೀಯರು ಯೋಗ ಕಲಿಯಬೇಕೆಂದು ಬಯಸಿದರು. ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನೆಂಬ ಕಾರಣಕ್ಕೆ ಪಾಠ ಹೇಳುವ ಕೆಲಸ ಸುಂದರರಾಜನಿಗೆ ಬಿತ್ತು. ೧೯೩೭ರಲ್ಲಿ ಪುಣೆಯಿಂದ ಕರೆ ಬಂದಾಗ, ಅಲ್ಪಸ್ವಲ್ಪ ಇಂಗ್ಲಿಷ್ ಬಲ್ಲವನೆಂದು ಅವನನ್ನೇ ಕಳುಹಿಸಿದರು. ಆರು ತಿಂಗಳ ಮಟ್ಟಿಗೆಂದು ಹೋದವನು ಬದುಕೆಲ್ಲ ಅಲ್ಲಿಯೇ ಕಳೆದ. ಮರಾಠಿ ಬಾರದು, ಕಲಿಯಲು ಬರುವವರು ತನಗಿಂತ ಮೈಕಟ್ಟಿನವರು, ಓದಿದವರು, ಕೇಳೋಣವೆಂದರೆ ಗುರು ಹತ್ತಿರವಿಲ್ಲ. ೧೯೩೮ರಲ್ಲಿ ತೆಗೆದ ಮೂಕಿಚಿತ್ರವೊಂದು ಉಳಿದಿದೆ. ಅದರಲ್ಲಿ ಹತ್ತೊಂಬತ್ತರ ಈ ತರುಣ ನೀರು ಹರಿದಂತೆ ಒಂದು ಆಸನದಿಂದ ಇನ್ನೊಂದಕ್ಕೆ ಸಾಗುತ್ತಾನೆ. ಯಾವ ಆಸನಕ್ಕೆ ಮೈ ಎಷ್ಟು ಬೆಲೆ ತೆತ್ತಿತೆಂಬುದನ್ನು ಚಿತ್ರ ಹೇಳುವುದಿಲ್ಲ.

ಗುರು ಹೇಳದೆ ಬಿಟ್ಟದ್ದನ್ನು ಅವನು ತನ್ನ ಮೈಯನ್ನೇ ಕೇಳಿ ತಿಳಿಯಬೇಕಾಯಿತು. ಯಾವ ಸ್ನಾಯು ಎಳೆಯುತ್ತದೆ, ಯಾವುದು ಸೋಮಾರಿಯಾಗಿ ಕುಳಿತಿದೆ, ಪಾದವನ್ನು ಒಂದಿಷ್ಟು ತಿರುಗಿಸಿದರೆ ಸೊಂಟದಲ್ಲಿ ಏನಾಗುತ್ತದೆ ಎಂಬ ಹುಡುಕಾಟ ದಿನಕ್ಕೆ ಗಂಟೆಗಟ್ಟಲೆ ನಡೆಯಿತು. ಇಟ್ಟಿಗೆ, ಹಗ್ಗ, ಪಟ್ಟಿ, ಕುರ್ಚಿ, ಲೋಡುದಿಂಬು, ಮಡಿಸಿದ ಕಂಬಳಿ ಎಲ್ಲವೂ ಯೋಗದ ಕೋಣೆಗೆ ಬಂದದ್ದು ಈ ಹುಡುಕಾಟದಿಂದ. ಬೆಂಗಳೂರಿನ ನಡುಮನೆಯ ಆ ಎರಡು ಇಟ್ಟಿಗೆಗಳ ಹಿಂದೆ ಮೈಸೂರಿನ ಒಂದು ಹರಿದ ತೊಡೆಯಿದೆ ಎಂದರೆ ಉತ್ಪ್ರೇಕ್ಷೆಯಾಗದು.

೧೯೬೬ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವರ ‘ಲೈಟ್ ಆನ್ ಯೋಗ’ದಲ್ಲಿ ಸುಮಾರು ೨೦೦ ಆಸನಗಳಿಗೂ ಸುಮಾರು ೬೦೦ ಚಿತ್ರಗಳಿಗೂ ಎಡೆ ದೊರೆತಿದೆ. ಪ್ರತಿಯೊಂದು ಆಸನದ ಹೆಸರಿನ ಮುಂದೆ ಕಷ್ಟವನ್ನು ಸೂಚಿಸುವ ಒಂದು ಅಂಕಿ. ನೆಟ್ಟಗೆ ನಿಲ್ಲುವ ತಾಡಾಸನಕ್ಕೆ ೧. ಹನುಮಾನಾಸನಕ್ಕೆ ೩೦ನ್ನು ಮೀರಿದ ಅಂಕಿ. ಪುಸ್ತಕದ ಕೊನೆಯಲ್ಲಿ ಅಭ್ಯಾಸದ ಕ್ರಮವನ್ನು ವಾರವಾರಕ್ಕೆ ಹಂಚಿ ಕೊಟ್ಟಿದ್ದಾರೆ. ಅದು ಮುಗಿಯಲು ೩೦೦ ವಾರ ಬೇಕು. ಎಂದರೆ ಆರು ವರ್ಷಕ್ಕೆ ಸ್ವಲ್ಪ ಕಡಿಮೆ. ಕತ್ತರಿ ತರಿಸಿದ ಆ ದಿನ ತನಗೆ ಎರಡು ಮಾತಿನಲ್ಲಿ ಸಿಕ್ಕ ಪಾಠವನ್ನು ಅವರು ಓದುಗರಿಗೆ ಹೀಗೆ ಹಿಗ್ಗಿಸಿಕೊಟ್ಟರು.

ಹಾಗೆಂದು ಅಯ್ಯಂಗಾರರು ಶಾಂತಮೂರ್ತಿಯಾದರೆಂದು ತಿಳಿಯಬಾರದು. ತರಗತಿಯಲ್ಲಿ ಅವರ ಗದರಿಕೆಯೂ ಪೆಟ್ಟೂ ಹೆಸರುವಾಸಿಯಾಗಿದ್ದವು. ಪುಣೆಯ ಸಿಂಹವೆಂಬ ಬಿರುದು ಬರಿಯ ಹುಬ್ಬಿನ ದಟ್ಟಣೆಗಾಗಿ ಬಂದದ್ದಲ್ಲ. ಭಾವನವರ ಗುಣ ಅಷ್ಟಿಷ್ಟು ಅಂಟಿಯೇ ಇದ್ದಿತು. ತಾಳ್ಮೆ ಒಂದು ಕೋಣೆಗೆ ಬಂದರೆ ಮನೆಯ ಎಲ್ಲ ಕೋಣೆಗಳಿಗೂ ತಾನಾಗಿ ಹೋಗಿ ಕೂರುವ ವಸ್ತುವಲ್ಲವಷ್ಟೆ.

ಮೈಯ ವಿಷಯದಲ್ಲಿ ಗೆದ್ದವರು ಉಸಿರಿನ ವಿಷಯದಲ್ಲಿ ಬಹುಕಾಲ ಸೋತರು. ೧೯೪೩ರಲ್ಲಿ ರಮಾಮಣಿಯವರೊಡನೆ ವಿವಾಹವಾಯಿತು. ಆಮೇಲಿನ ದಿನಗಳಲ್ಲಿ ಪ್ರಾಣಾಯಾಮವನ್ನು ತಾವೇ ಕಲಿಯಲು ಹೊರಟು ನಸುಕಿನಲ್ಲಿ ನಾಲ್ಕಕ್ಕೆ ಏಳುವರು, ಕಾಫಿ ಕುಡಿಯುವರು, ಕುಳಿತುಕೊಳ್ಳುವರು. ಕೆಲವೇ ನಿಮಿಷಗಳಲ್ಲಿ ಎದೆ ಬಿಗಿದು, ಉಸಿರು ಕಟ್ಟಿ, ಇಂದಿಗೆ ಸಾಕೆಂದು ಎದ್ದುಬಿಡುವರು. ಮರುದಿನ ಮತ್ತೆ ನಾಲ್ಕು ಗಂಟೆ, ಮತ್ತೆ ಕಾಫಿ, ಮತ್ತೆ ಸೋಲು. ಹೀಗೆ ಒಂದೆರಡು ತಿಂಗಳಲ್ಲ, ವರ್ಷಗಳು ನಡೆದವೆಂದು ಅವರೇ ನಗುತ್ತ ಹೇಳಿಕೊಂಡಿದ್ದಾರೆ. ಇಲ್ಲಿ ಕತ್ತರಿ ತರಿಸುವವರು ಯಾರೂ ಇರಲಿಲ್ಲ.

ಐದು ನಿಮಿಷದ ಅತಿಥಿ

ಹನುಮಾನಾಸನದಂಥ ಕಠಿಣಾಭ್ಯಾಸ ಮುಗಿದ ಮೇಲೆ ಶವಾಸನದಲ್ಲಿ ಮಲಗಬೇಕೆಂಬುದು ನಿಯಮ. ಅವಸರದವರು ಮೊದಲು ಬಿಡುವುದು ಅದನ್ನೇ; ಸುಮ್ಮನೆ ಮಲಗುವುದರಲ್ಲಿ ಕಲಿಯುವುದೇನಿದೆ ಎಂದು ಚಾಪೆ ಮಡಿಸುತ್ತಾರೆ. ಅಯ್ಯಂಗಾರರು ಮಾತ್ರ ಶವಾಸನವನ್ನು ಸುಲಭದ ಸಾಲಿಗೆ ಸೇರಿಸಲಿಲ್ಲ. ಎರಡು ಕಾಲುಗಳನ್ನು ಎರಡು ದಿಕ್ಕಿಗೆ ಚಾಚುವುದಕ್ಕಿಂತಲೂ, ಚಾಚಿದ ಕೈಕಾಲುಗಳನ್ನು ಬಿಟ್ಟುಕೊಟ್ಟು ಸುಮ್ಮನಿರುವುದು ಅನೇಕರಿಗೆ ಕಷ್ಟ.

೧೯೫೨ರಲ್ಲಿ ಪ್ರಸಿದ್ಧ ಪಿಟೀಲುವಾದಕ ಯೆಹೂದಿ ಮೆನುಹಿನ್ ಭಾರತಕ್ಕೆ ಬಂದಿದ್ದರು. ಯೋಗದಲ್ಲಿ ಅವರಿಗೆ ಮೊದಲೇ ಆಸಕ್ತಿಯಿದ್ದಿತು. ದಿಲ್ಲಿಯಲ್ಲಿ ನೆಹರೂ ಅವರೆದುರು ಶೀರ್ಷಾಸನ ಮಾಡಿ ತೋರಿಸಿದ್ದರೆಂಬುದೂ ಆಗ ಸುದ್ದಿಯಾಗಿತ್ತು. ಮುಂಬಯಿಯಲ್ಲಿ ಅಯ್ಯಂಗಾರರ ಭೇಟಿ ಗೊತ್ತಾಯಿತು. ಕಚೇರಿಗಳ ದಣಿವು, ನಿದ್ರೆಯ ಕೊರತೆ, ಒಂದರ ಮೇಲೊಂದು ಕಾರ್ಯಕ್ರಮ. ತಮಗಿರುವುದು ಐದೇ ನಿಮಿಷ ಎಂದು ಮೆನುಹಿನ್ ಮೊದಲೇ ಹೇಳಿದರು. ಅಯ್ಯಂಗಾರರು ವಾದ ಮಾಡಲಿಲ್ಲ. ಯಾವ ಕಠಿಣ ಆಸನವನ್ನೂ ತೋರಿಸಲಿಲ್ಲ. ಅತಿಥಿಯನ್ನು ನೆಲದ ಮೇಲೆ ಮಲಗಿಸಿ, ಬೆರಳುಗಳಿಂದ ಕಣ್ಣು ಕಿವಿಗಳನ್ನು ಮೆಲ್ಲನೆ ಮುಚ್ಚಿ ಹಿಡಿದರು. ಮೆನುಹಿನ್ ನಿದ್ದೆಹೋದರು. ಐದು ನಿಮಿಷ ಕಳೆಯಿತು. ಹತ್ತು, ಇಪ್ಪತ್ತು ಕಳೆಯಿತು. ಎಚ್ಚರವಾಗುವ ಹೊತ್ತಿಗೆ ಸುಮಾರು ಒಂದು ಗಂಟೆಯಾಗಿತ್ತು. ಅಂಥ ವಿಶ್ರಾಂತಿಯನ್ನು ತಾವು ಕಂಡೇ ಇರಲಿಲ್ಲವೆಂದ ಅವರು ಅಂದು ಬೇಗನೆ ಹೊರಡಲೂ ಇಲ್ಲ.

ಆ ಸ್ನೇಹ ಕೊನೆಯವರೆಗೂ ಉಳಿಯಿತು. ೧೯೫೪ರಲ್ಲಿ ಮೆನುಹಿನ್ ತಮ್ಮ ಗುರುವನ್ನು ಸ್ವಿಟ್ಜರ್ಲೆಂಡಿಗೆ ಕರೆಸಿಕೊಂಡರು. ‘ಲೈಟ್ ಆನ್ ಯೋಗ’ಕ್ಕೆ ಮುನ್ನುಡಿ ಬರೆದವರೂ ಅವರೇ. ಪಿಟೀಲು ಹಿಡಿಯುವ ತೋಳಿನ ಬಿಗಿತ ಸಡಿಲವಾದದ್ದು ಅಯ್ಯಂಗಾರರಿಂದ ಎಂಬ ಕೃತಜ್ಞತೆಯಿಂದ ಅವರು ಒಂದು ಉಡುಗೊರೆ ಕೊಟ್ಟರು. ತನ್ನ ಅತ್ಯುತ್ತಮ ಪಿಟೀಲು ಗುರುವಿಗೆ ಎಂಬರ್ಥದ ಮಾತನ್ನು ಅದರ ಬೆನ್ನಿನ ಮೇಲೆ ಕೆತ್ತಿಸಿದ್ದರು. ಐದೇ ನಿಮಿಷವಿದೆ ಎಂದು ಬಂದಿದ್ದ ಆ ಮನುಷ್ಯ ಆರಿಸಿ ತಂದ ಉಡುಗೊರೆ ಒಂದು ಕೈಗಡಿಯಾರ.